ಹೆಬ್ಬೆಟ್ಟಿನ ಗುಳಿ

"ಕೋಲು ಬುಡು ಅತ್ತೆ. ಬುಡು ಅಂದ್ನಲ್ಲ."

ಹಿಟ್ಟು ತೊಳಸುವ ಕೋಲಿನ ಒಂದು ತುದಿ ನಾಗಶ್ರೀಯ ಕೈಯಲ್ಲಿತ್ತು, ಇನ್ನೊಂದು ತುದಿ ಅವಳ ಸೋದರತ್ತೆ ಮಲ್ಲಿಗಮ್ಮನ ಕೈಯಲ್ಲಿ. ಇಬ್ಬರ ನಡುವೆ ಮೂರು ಕಲ್ಲಿನ ಒಲೆಯ ಮೇಲೆ ರಾಗಿಹಿಟ್ಟು ಕೊತಕೊತ ಅನ್ನುತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವೆಂದು ಪಕ್ಕದ ಮನೆಯ ಹಿತ್ತಲಲ್ಲಿ ಬೆಂಕಿ ಮಾಡಿದ್ದರು. ಗೋಡೆಯಾಚೆ ಶಾಮಿಯಾನದ ಕೆಳಗೆ ನಾಗಶ್ರೀಯ ತೀರಿಹೋದ ಅವ್ವ ಸೋಮಮ್ಮನನ್ನು ಬೆಂಚಿನ ಮೇಲೆ ಒರಗಿಸಿ ಕೂರಿಸಿದ್ದರು.

"ಬಿಸಿ ಐತೆ ಕಣಮ್ಮಿ, ಕೈ ಸುಟ್ಕೋತೀಯ."

"ಸುಡ್ಲಿ. ನಮ್ಮವ್ವನ ಎಲೆಗೆ ಇಟ್ಟು ಬೇಡ."

"ಯಾನಂದೆ?"

"ಇಟ್ಟು ಬೇಡ. ನಾನು ಗಂಜಿ ಕಾಯ್ಸಿವ್ನಿ. ಅದ್ನೇ ಇಡೋದು."

ಮಲ್ಲಿಗಮ್ಮ ಕೋಲು ಬಿಡಲಿಲ್ಲ. ತವರಿನಲ್ಲಿ ಸತ್ತವರಿಗೆಲ್ಲ ಕೊನೆ ತುತ್ತಿನ ಮುದ್ದೆ ಕಟ್ಟಿದವಳು ಅವಳೇ. ಹನಕೆರೆಯ ಈ ಕೇರಿಯಲ್ಲಿ ಗುಂಡಿಗೆ ಮಣ್ಣು ಎಳೆಯುವ ಮುಂಚೆ ತಲೆದಿಕ್ಕಿಗೆ ಎಲೆ ಹಾಸಿ, ಗಂಡನಿದ್ದರೆ ಗಂಡ, ಇಲ್ಲದಿದ್ದರೆ ಮಗ, ಮುದ್ದೆ ಇಟ್ಟು ಮೇಲೆ ಸಾರು ಬಿಡುತ್ತಾರೆ. ಇಡದಿದ್ದರೆ ಹೋದವರು ಹಸಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ ಅನ್ನುವುದು ಮಲ್ಲಿಗಮ್ಮನ ನಂಬಿಕೆ. ನಂಬಿಕೆ ಅಂದರೆ ಅವಳಿಗೆ ಕೋಪ ಬರುತ್ತದೆ. ಅವಳು ಕಣ್ಣಲ್ಲಿ ಕಂಡಿದ್ದಾಳಂತೆ.

"ಗಂಜೀನಾ? ಕಾಯಿಲೆ ಮಲಗ್ದೋರಿಗೆ ಕೊಡಾದು ಗಂಜಿ. ಸತ್ತೋರಿಗೆ ಯಾನು ಕಾಯಿಲೆ? ಊರೋರು ಬಾಯಿಗೆ ಬಂದಂಗೆ ಮಾತಾಡಾರು, ಒಂದ್ ಇಟ್ಟಿಗೂ ಗತಿ ಇಲ್ದೆ ಕಳಿಸಿದ್ರು ಅಂತ."

"ಮಾತಾಡ್ಲಿ. ಇಟ್ಟೇ ಗಂಟ್ಲಲ್ಲಿ ನಿಂತು ಸತ್ತವಳೆ ನಮ್ಮವ್ವ. ನಿನ್ನೆ ಮದ್ಯಾನ. ಇವತ್ತು ಇನ್ನೊಂದ್ ಮುದ್ದೆ ಕಟ್ಟಕ್ಕೆ ನಿಂಗೆ ಕೈ ಎಂಗೆ ಬತ್ತದತ್ತೆ?"

ಮಲ್ಲಿಗಮ್ಮ ಕೋಲು ಬಿಟ್ಟಳು. ನಾಗಶ್ರೀ ಅದನ್ನು ಹಿತ್ತಲಿನ ಬೇಲಿಯಾಚೆ ಎಸೆದಳು. ಕೋಲು ಕಬ್ಬಿನ ಗದ್ದೆಯೊಳಗೆ ಬಿದ್ದು, ಅಲ್ಲೆಲ್ಲೋ ಮಲಗಿದ್ದ ನಾಯಿ ಕುಂಯ್ ಎಂದು ಎದ್ದು ಓಡಿತು.

*

ಶಾಮಿಯಾನದಡಿ ಹೆಂಗಸರು ಸುತ್ತ ಕುಳಿತಿದ್ದರು. ಅಳುವುದು ಒಂದು ಸುತ್ತು ಮುಗಿದು ಮಾತು ಶುರುವಾಗಿತ್ತು.

"ನೋಡ್ರವ್ವ, ಬಾಯಿ ನಿಂತ್ಬುಟ್ಟದೆ."

"ಊಂ ಕಣಕ್ಕ. ಎಷ್ಟ್ ಲಕ್ಷಣ್ವಾಗಿ ಕಾಣ್ತಾವ್ಳೆ."

ಅದು ನಿಜ. ಗಲ್ಲಕ್ಕೆ ಸುತ್ತಿದ್ದ ಬಿಳಿ ಬಟ್ಟೆಯ ಕೆಳಗೆ ಸೋಮಮ್ಮನ ಬಾಯಿ ನೆಟ್ಟಗೆ ಮುಚ್ಚಿಕೊಂಡಿತ್ತು. ಊರಿನ ಚಿಕ್ಕಮಕ್ಕಳು ಅದನ್ನು ಹಾಗೆ ನೋಡಿಯೇ ಇರಲಿಲ್ಲ. ಎಷ್ಟೋ ವರ್ಷದಿಂದ ಆ ಬಾಯಿ ಒಂದೇ ಸಮನೆ ಆಡುತ್ತಿತ್ತು: ತುಟಿ ಚಪ್ಪರಿಸುವುದು, ದವಡೆ ಹೊರಳಿಸುವುದು, ನಾಲಿಗೆ ಹೊರಬಂದು ಒಳಗೆ ಹೋಗುವುದು. ಬೀದಿಯ ಹುಡುಗರು ಅವಳ ಹಿಂದೆ ಮೆಲುಕು ಹಾಕುವ ಹಾಗೆ ಮಾಡಿಕೊಂಡು ಹೋಗುತ್ತಿದ್ದರು. ದೊಡ್ಡವರು ಅಷ್ಟಕ್ಕೆ ಬಿಡಲಿಲ್ಲ. ಅವಳು ಒಳಗೊಳಗೇ ಶಾಪ ಹಾಕುತ್ತಾಳೆ ಅಂದರು. ತೊಟ್ಟಿಲು ಹಾಕುವ ಮನೆಗೆ, ಮದುವೆಯ ಚಪ್ಪರಕ್ಕೆ ಅವಳನ್ನು ಕರೆಯುವುದು ನಿಂತಿತು. ಇವತ್ತು ಅವರೆಲ್ಲ ಬಂದು ಹತ್ತಿರ ಕೂತಿದ್ದಾರೆ, ಬಾಯಿ ನಿಂತ ಮೇಲೆ.

ಮಳವಳ್ಳಿಯಿಂದ ಸೋಮಮ್ಮನ ತಮ್ಮ ಶಿವರಾಜು ಬೈಕಿನಲ್ಲಿ ಬಂದಿಳಿದ. ಹೈಸ್ಕೂಲು ಮೇಷ್ಟ್ರು, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವನು. ಅಕ್ಕನ ಪಾದ ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದು, ಎದ್ದು ಕನ್ನಡಕ ಒರೆಸಿಕೊಂಡ.

"ಹೆಂಗಾಯ್ತು?"

ಕೇರಿಯ ಯಜಮಾನ ಚಿಕ್ಕಬೋರಯ್ಯ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. "ಆರ್ಟು ನಿಂತೋಯ್ತು ಕಣಪ್ಪ ಮೇಷ್ಟ್ರೆ. ಈಗೆಲ್ಲ ಆರ್ಟೇ. ಮೊನ್ನೆ ನಮ್ಮ ಅಂಕಯ್ಯ ಎಮ್ಮೆ ಕಟ್ತಾ ಕಟ್ತಾ ಓದ. ಎಮ್ಮೆ ಇನ್ನೂ ಕಾಯ್ತಾ ನಿಂತದೆ."

"ಆರ್ಟಲ್ಲ ಮಾವ," ಹಿತ್ತಲ ಬಾಗಿಲಿಂದ ಬಂದ ನಾಗಶ್ರೀ ಶಿವರಾಜುವಿಗೆ ಹೇಳಿದಳು. ಕೈಯಲ್ಲಿ ಗಂಜಿಯ ಸ್ಟೀಲು ತಂಬಿಗೆ ಇತ್ತು. "ಇಟ್ಟು."

ಮೂಲೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವಳ ಅಪ್ಪ ಸಿದ್ದರಾಮು ತಲೆ ತಗ್ಗಿಸಿ ಕೂತಿದ್ದ. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಬಿಸಿ ಪಾಕ ಮುಟ್ಟಿ ಮುಟ್ಟಿ ಅವನ ಬಲಗೈ ಹೆಬ್ಬೆಟ್ಟು ಸುಟ್ಟು, ಉಗುರು ಹೋಗಿ, ಕಾಸಿನ ಹಾಗೆ ಚಪ್ಪಟೆಯಾಗಿತ್ತು. ದೂರದಲ್ಲಿ ರೈಲು ಕೂಗಿತು. ಸಿದ್ದರಾಮು ಥಟ್ಟನೆ ತಲೆಯೆತ್ತಿ, ಹೆಂಡತಿ ಎಲ್ಲಿದ್ದಾಳೆಂದು ನೋಡಿದ. ಬೆಂಚಿನ ಮೇಲೆ ಇದ್ದಳು. ಮತ್ತೆ ತಲೆ ತಗ್ಗಿಸಿದ.

*

ಸೋಮಮ್ಮನಿಗೆ ಬೆಳೆ ಸಂಶೋಧನೆಯ ವಿ.ಸಿ. ಫಾರಂನಲ್ಲಿ ಭತ್ತದ ತಾಕಿನ ಕೆಲಸವಿತ್ತು. ರೈಲಿನಲ್ಲಿ ಮಂಡ್ಯಕ್ಕೆ ಹೋಗಿ, ಅಲ್ಲಿಂದ ಬಸ್ಸು. ಹೊಸ ತಳಿ ಮಾಡುವಾಗ ಭತ್ತದ ತೆನೆಯಲ್ಲಿ ಇನ್ನೂ ಕಾಳಾಗದ ಒಂದೊಂದೇ ಹೂವಿನ ತುದಿ ಕತ್ತರಿಸಿ, ಒಳಗಿನ ಎಳೆಗಳನ್ನು ಚಿಮಟದಲ್ಲಿ ಹಿಡಿದು ಎಳೆಯಬೇಕು. ಹೂವು ಹರಿಯಬಾರದು, ಎಳೆ ಒಡೆಯಬಾರದು. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಕಳೆ ಕೀಳುವವರಿಗೆ ಅದು ದೊಡ್ಡ ಪದವಿ: ನೆರಳು, ಸ್ಟೂಲು, ಕೈಗೆ ಕೆಸರಿಲ್ಲ. ಸೋಮಮ್ಮ ಮನೆಗೆ ಬಂದು ಮಗಳ ತಲೆಯ ಹೇನನ್ನೂ ಹಾಗೇ ತೆಗೆಯುತ್ತಿದ್ದಳು. ನೋವೇ ಆಗುತ್ತಿರಲಿಲ್ಲ.

ನಾಗಶ್ರೀ ಪ್ರೈಮರಿಯಲ್ಲಿದ್ದಾಗ ಅವ್ವನ ಜೊತೆ ಪೈರು ಮಾತಾಡತೊಡಗಿತು. ಮೊದಮೊದಲು ಸಣ್ಣಗೆ. ಆಮೇಲೆ ಬೈಯತೊಡಗಿತು. ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಬಾವಿಯಲ್ಲಿ ವಿಷ ಹಾಕಿದ್ದಾರೆ ಅಂದಳು. ಪೂಜೆ ಮಾಡಿಸಿದರು, ತಾಯತ ಕಟ್ಟಿದರು. ಕೊನೆಗೆ ಮಂಡ್ಯದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೊರಗೆ ಜನವೋ ಜನ. ಡಾಕ್ಟರು ಮಾತ್ರೆ ಬರೆದು, ಮತ್ತೆ ಬನ್ನಿ, ಬರುತ್ತಾ ಇರಿ ಅಂದರು.

ಮಾತ್ರೆ ಕೆಲಸ ಮಾಡಿತು. ಅದನ್ನು ಸುಳ್ಳು ಅನ್ನಬಾರದು. ದನಿಗಳು ಒಂದೊಂದಾಗಿ ಇಳಿದವು. ಸೋಮಮ್ಮ ಸ್ನಾನ ಮಾಡಿ ಹೂ ಮುಡಿದು ಜಗಲಿಗೆ ಬಂದು ಕೂತ ದಿನ ಸಿದ್ದರಾಮು ಬೀದಿಗೆಲ್ಲ ಬೆಲ್ಲ ಹಂಚಿದ.

ಆಮೇಲೆ ಕೈ ನಡುಗತೊಡಗಿತು. ಚಿಮಟ ಹಿಡಿದರೆ ತೆನೆಯೆಲ್ಲ ಹರಿಯುತ್ತಿತ್ತು. ಫಾರಂನವರು ಅವಳನ್ನು ಹಕ್ಕಿ ಕಾಯುವ ಕೆಲಸಕ್ಕೆ ಹಾಕಿದರು. ಬಿಸಿಲಲ್ಲಿ ನಿಂತು ಡಬ್ಬ ಬಡಿಯುವುದು. ನಡುಗುವ ಕೈಗೆ ಒಳ್ಳೆ ಕೆಲಸ ಅಂತ ಜೊತೆಯವರು ನಕ್ಕರು. ಸೋಮಮ್ಮ ಮನೆಗೆ ಬಂದು ಗಂಡನ ಮುಂದೆ ಎರಡೂ ಕೈ ಚಾಚಿ ಹಿಡಿದಳು.

"ನೋಡು. ನನ್ ಕೈ ಕೊಡಿಸ್ಕೊಡು."

"ತಲೆ ಸರಿ ಇದ್ರೆ ಸಾಕು ಕಣೆ. ಕೈ ಕಟ್ಕೊಂಡು ಯಾನು ಮಾಡೀಯ?"

ಡಾಕ್ಟರ ಹತ್ತಿರ ಹೋಗಿ ಕೈಯ ಮಾತು ಹೇಳೋಣವೆಂದು ಯಾರಿಗೂ ತೋಚಲಿಲ್ಲ. ಹೋಗಬೇಕೆಂದರೆ ಒಂದು ದಿನದ ಕೂಲಿ. ಮದ್ದೂರಿನ ಔಷಧಿ ಅಂಗಡಿಯಲ್ಲಿ ಮಾತ್ರೆಯ ಖಾಲಿ ಪಟ್ಟಿ ತೋರಿಸಿದರೆ ಅದೇ ಮಾತ್ರೆ ಕೊಡುತ್ತಿದ್ದರು. ಹಾಗೆ ವರ್ಷ ಕಳೆಯಿತು, ಹಾಗೇ ವರ್ಷಗಳು ಕಳೆದವು.

ಸೋಮಮ್ಮ ಗುಟ್ಟಾಗಿ ಮಾತ್ರೆ ನಿಲ್ಲಿಸಿದಳು. ಕೈ ಬಂತು! ಮಗಳ ಜಡೆ ಬಿಗಿಯಾಗಿ ಹೆಣೆದಳು, ಸೂಜಿಗೆ ದಾರ ಪೋಣಿಸಿ ನಕ್ಕಳು. ಆಮೇಲೆ ದನಿಗಳೂ ಬಂದವು. ಒಂದು ಸಂಜೆ ಸಿದ್ದರಾಮುವಿಗೆ ಅವಳು ಸಿಕ್ಕಿದ್ದು ಹನಕೆರೆ ಸ್ಟೇಷನ್ನಿನಾಚೆ, ರೈಲು ಕಂಬಿಗಳ ನಡುವೆ. ಕೈಯಲ್ಲಿ ಒಂದು ತೆನೆ ಹಿಡಿದು ಮೈಸೂರಿನ ಕಡೆ ನಡೆದು ಹೋಗುತ್ತಿದ್ದಳು. ಹಿಂದೆ ರೈಲು. ಅವನು ಅವಳನ್ನು ಎತ್ತಿಕೊಂಡು ಜಲ್ಲಿಯ ಮೇಲೆ ಉರುಳಿದ. ಮೊಣಕೈಯ ಆ ಗಾಯದ ಗುರುತು ಈಗಲೂ ಇದೆ. ರೈಲು ಕೂಗಿದಾಗಲೆಲ್ಲ ತಲೆಯೆತ್ತಿ ಹೆಂಡತಿಯನ್ನು ಹುಡುಕುವುದು ಅವತ್ತಿನಿಂದ.

ಉಪಾಯ ಹೇಳಿಕೊಟ್ಟವಳು ಮಲ್ಲಿಗಮ್ಮ.

"ನಮ್ಮೆತ್ತಿಗೆ ಔಸ್ದಿ ಎಂಗ್ಲಾ ಕೊಡ್ತೀವಿ? ಇಟ್ಟಿನೊಳಕ್ಕೆ ಇಟ್ಟು ನುಂಗುಸ್ತೀವಿ. ಎತ್ತಿಗೇ ಗೊತ್ತಾಗಲ್ಲ, ಇವ್ಳಿಗೆ ಗೊತ್ತಾದದ?"

ಇದು ಮುದ್ದೆ ನುಂಗುವ ಸೀಮೆ. ಇಲ್ಲಿ ಯಾರೂ ಮುದ್ದೆ ಅಗಿಯುವುದಿಲ್ಲ. ಮುರಿದು, ಸಾರಿಗೆ ಅದ್ದಿ, ಗುಳುಕ್ಕನೆ ನುಂಗುವುದು. ಅಗಿದು ತಿನ್ನುವ ಹೊರಗಿನವರನ್ನು ಕಂಡರೆ ನಗುತ್ತಾರೆ. ಸಿದ್ದರಾಮು ಬಿಸಿ ಮುದ್ದೆಗೆ ತನ್ನ ಚಪ್ಪಟೆ ಹೆಬ್ಬೆಟ್ಟು ಒತ್ತುತ್ತಿದ್ದ. ಗುಳಿ ಬೀಳುತ್ತಿತ್ತು. ಜೇಬಿನಿಂದ ಮಾತ್ರೆ ತೆಗೆದು ಗುಳಿಗೆ ಹಾಕಿ, ಅದರ ಬಾಯಿ ಸವರಿ, ಮುದ್ದೆಯನ್ನು ಮಗುಚಿ ತಟ್ಟೆಗೆ ಇಡುತ್ತಿದ್ದ. ಮೇಲಿಂದ ನೋಡಿದರೆ ಗುಂಡಗೆ, ನುಣ್ಣಗೆ.

ಸೋಮಮ್ಮನಿಗೆ ಗೊತ್ತಾಗದೇ ಇರುತ್ತದೆಯೇ? ಅವಳು ಎತ್ತಲ್ಲ. ತಟ್ಟೆ ಮುಂದೆ ಬಂದ ಕೂಡಲೇ ಮುದ್ದೆಯನ್ನು ಮಗುಚಿ ನೋಡುತ್ತಿದ್ದಳು.

"ಯಾನವ್ವ, ಒಡವೆ ಉಡುಕ್ತಿದ್ದೀಯ?" ಅಂತ ಮಲ್ಲಿಗಮ್ಮ ನಗುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು. ನಾಗಶ್ರೀಯೂ ನಗುತ್ತಿದ್ದಳು, ಆಗ ಅವಳಿನ್ನೂ ಸಣ್ಣವಳು. ಗಂಡ ಎದುರಿಗೆ ಕೂತು ನೋಡುತ್ತಿದ್ದ. ಸೋಮಮ್ಮ ನುಂಗುತ್ತಿದ್ದಳು.

*

"ಎರಡೂ ಇಡ್ರಲಾ," ಚಿಕ್ಕಬೋರಯ್ಯ ತೀರ್ಮಾನ ಕೊಟ್ಟರು. "ಇಟ್ಟೂ ಇಡಿ, ಗಂಜೀನೂ ಇಡಿ. ಅವಳ್ಗೆ ಬೇಕಾದ್ದ ಅವ್ಳು ತಿಂತಾಳೆ. ಒತ್ತಾಯ್ತು, ಗುಂಡಿ ತೋಡಿ ಕಾಯ್ತಾ ಕುಂತವ್ರೆ ಐಕ್ಳು."

"ಅವಳ್ಗೆ ಬೇಕಾದ್ದ ತಿನ್ನಕ್ಕೆ ಯಾವತ್ತು ಬುಟ್ರಿ ತಾತ ನೀವು?" ನಾಗಶ್ರೀ ಕೇಳಿದಳು. "ಇಟ್ಟು ಇಟ್ರೆ ನಾನು ಮಣ್ಣು ಆಕಲ್ಲ. ಒಂದು ಇಡಿ ಮಣ್ಣೂ ಆಕಲ್ಲ."

"ಬಾಯಿ ನೋಡು ಮಗೀದು! ಗಾರ್ಮೆಂಟ್ಸ್‌ಗೆ ಓಗಿ ಕಲ್ತದ್ದು ಇದೇಯ?" ಮಲ್ಲಿಗಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಮ್ಮಣ್ಣತಮ್ದೀರು ನಿಮ್ಮವ್ವನ್ನ ಬೀದಿಗೆ ಬುಡ್ಲಿಲ್ಲ. ಬೇರೆಯೋರಾಗಿದ್ರೆ ತವ್ರಿಗೆ ಅಟ್ಟಿ ಇನ್ನೊಂದ್ ಕಟ್ಕೊಳೋರು. ನಮ್ ಸಿದ್ದರಾಮ ಕೂಸು ಸಾಕ್ದಂಗೆ ಸಾಕ್ದ. ಮಾತ್ರೆ ತಪ್ಪಿಸ್ಲಿಲ್ಲ, ಒಂದಿನ."

"ಅದೇ ಕಣತ್ತೆ ನಾನೂ ಏಳ್ತಿರಾದು. ಒಂದಿನಾನೂ ತಪ್ಪಿಸ್ಲಿಲ್ಲ. ಒಂದಿನ ಕೇಳ್ಲೂ ಇಲ್ಲ."

ಶಿವರಾಜು ನಡುವೆ ಬಂದ. "ಭಾವ, ಹುಡುಗಿ ಹೇಳೋದ್ರಲ್ಲಿ ತಪ್ಪೇನಿದೆ? ಗಂಜಿನೇ ಇಡಿ. ಶಾಸ್ತ್ರ ಏನು ಆಕಾಶದಿಂದ ಬಿತ್ತಾ?"

"ನೀವ್ ಸುಮ್ಕಿರಿ ಮೇಷ್ಟ್ರೆ," ಮಲ್ಲಿಗಮ್ಮ ಅವನತ್ತ ತಿರುಗಿದಳು. "ಅಕ್ಕನ ನೋಡಕ್ಕೆ ವರ್ಸಕ್ಕೆ ಎಷ್ಟ್ ಸಲ ಬತ್ತಿದ್ರಿ? ಬಂದಾಗ್ಲೂ ಜಗಲೀಲೇ ಕುಂತು ಕಾಫಿ ಕುಡ್ದು ಓಯ್ತಿದ್ರಿ. ಅವಳ ಬಾಯಿ ನೋಡಕ್ಕಾಗ್ದೆ."

ಶಿವರಾಜು ಹಿಂದೆ ಸರಿದು ನಿಂತ. ಅದೂ ನಿಜವೇ.

ನಾಗಶ್ರೀ ಅಪ್ಪನ ಕುರ್ಚಿಯ ಮುಂದೆ ನಿಂತಳು. "ಅಪ್ಪ, ನೀನು ಏಳು. ಡಾಕ್ಟ್ರಮ್ಮ ಯಾನಂದ್ರು? ಎಲ್ಲಾರ್ ಮುಂದೆ ಏಳು."

ಸಿದ್ದರಾಮು ತುಟಿ ಒದ್ದೆ ಮಾಡಿಕೊಂಡ. "ಅವ್ಳು ಉಪಾಸ ಓಗಬಾರ್ದು ಮಗ," ಅಂದ. ಅಷ್ಟೇ.

*

ಡಾಕ್ಟರಮ್ಮನ ಹತ್ತಿರ ಹೋದದ್ದು ಎರಡು ತಿಂಗಳ ಹಿಂದೆ. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ನಾಗಶ್ರೀಯ ಪಕ್ಕದ ಮಿಷನ್ನಿನವಳು ತನ್ನ ಅಣ್ಣನನ್ನು ಅಲ್ಲಿ ತೋರಿಸಿದ್ದಳಂತೆ. ನಾಗಶ್ರೀ ರಜೆ ಹಾಕಿ, ಅಪ್ಪನನ್ನೂ ಎಳೆದುಕೊಂಡು, ಅವ್ವನನ್ನು ಮಂಡ್ಯಕ್ಕೆ ಕರೆದೊಯ್ದಳು. ಅಷ್ಟು ಹೊತ್ತಿಗೆ ಸೋಮಮ್ಮ ನೀರು ಕುಡಿದರೂ ಕೆಮ್ಮುತ್ತಿದ್ದಳು. ನುಂಗಕ್ಕಾಗಲ್ಲ ಅನ್ನುತ್ತಿದ್ದಳು. ಮಂಡ್ಯದ ಸೀಮೇಲಿ ಹುಟ್ಟಿ ಇಟ್ಟು ನುಂಗಕ್ಕಾಗಲ್ವಂತೆ ಅಂತ ಮನೆಯಲ್ಲಿ ಅದೂ ನಗೆಯ ಮಾತಾಗಿತ್ತು.

ಡಾಕ್ಟರಮ್ಮ ಸೋಮಮ್ಮನ ಕೈ ಹಿಡಿದು ಮಡಿಸಿ ಬಿಡಿಸಿ ನೋಡಿದರು. ನಡೆಸಿ ನೋಡಿದರು. ಬಾಯಿ ತೆಗೆಸಿದರು. ಒಂದು ಲೋಟ ನೀರು ಕೊಟ್ಟು, ಕುಡಿಯುವುದನ್ನೇ ನೋಡುತ್ತಾ ಕೂತರು.

"ಬಾಯಿ ಆಡೋದು, ಕೈ ನಡುಗೋದು, ನುಂಗೋಕೆ ಕಷ್ಟ ಆಗೋದು, ಇದು ಇವ್ರ ಕಾಯಿಲೆ ಅಲ್ಲ. ಮಾತ್ರೆಯಿಂದ ಬಂದಿರೋದು. ಇಷ್ಟು ವರ್ಷ ಯಾರಿಗೂ ತೋರಿಸ್ಲಿಲ್ವಾ?"

"ತೋರ್ಸಾದ್ಯಾಕೆ ಮೇಡಂ," ಸಿದ್ದರಾಮು ಕೈಕಟ್ಟಿ ನಿಂತಿದ್ದ. "ಅಂಗಡೀಲಿ ಪಟ್ಟಿ ತೋರ್ಸಿದ್ರೆ ಕೊಡ್ತಾನೆ."

ಡಾಕ್ಟರಮ್ಮನಿಗೆ ಸಿಟ್ಟು ಬಂದದ್ದು ನಾಗಶ್ರೀಗೆ ಕಂಡಿತು. ಆದರೆ ಅವರು ದನಿ ಏರಿಸಲಿಲ್ಲ. ಹಳೆಯದನ್ನು ಹೇಗೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ಹೊಸದನ್ನು ಹೇಗೆ ಏರಿಸಬೇಕು ಎಂದು ಬಿಡಿಸಿ ಹೇಳಿದರು. ಹಳೆಯದು ಪೂರ್ತಿ ನಿಂತ ಮೇಲೆ ಮತ್ತೆ ಮುಟ್ಟಬೇಡಿ, ಎರಡೂ ಸೇರಿದರೆ ಗಂಟಲು ಇನ್ನೂ ಬಿಗಿಯುತ್ತದೆ ಅಂದರು. "ಅಲ್ಲೀತನಕ ಮುದ್ದೆ ಬೇಡ. ಗಂಜಿ, ಮೆತ್ತಗಿನ ಅನ್ನ. ಕೂರಿಸಿ, ನಿಧಾನವಾಗಿ ಕೊಡಿ."

ಎದ್ದು ಹೊರಡುವಾಗ ಸೋಮಮ್ಮ ಡಾಕ್ಟರಮ್ಮನ ಮೇಜಿನ ಮೇಲೆ ಎರಡೂ ಕೈ ಚಾಚಿದಳು.

"ಕೈ ಬತ್ತದ ತಾಯಿ?"

"ನೋಡೋಣಮ್ಮ. ಪ್ರಯತ್ನ ಮಾಡೋಣ."

ಅಷ್ಟು ವರ್ಷದಲ್ಲಿ ಆ ಕೈಗೆ ಯಾರಾದರೂ ಕೊಟ್ಟ ಮೊದಲ ಉತ್ತರ ಅದು. ಬಸ್ಸಿನಲ್ಲಿ ಸೋಮಮ್ಮ ಕಿಟಕಿಯ ಪಕ್ಕ ಕೂತು, ತನ್ನ ಹತ್ತೂ ಬೆರಳುಗಳನ್ನು ತೊಡೆಯ ಮೇಲೆ ಹರಡಿಕೊಂಡು ನೋಡುತ್ತಾ ಬಂದಳು.

ಬೆಳಗ್ಗೆ ಗಾರ್ಮೆಂಟ್ಸಿನ ಬಸ್ಸು ಹತ್ತುವ ಮುಂಚೆ ಹೊಸ ಮಾತ್ರೆ, ಗಂಜಿ ನಾಗಶ್ರೀಯೇ ಕೊಡುತ್ತಿದ್ದಳು. ರಾತ್ರಿಯದೂ ಅವಳೇ. ಹೇಳಿದ ಹಾಗೆ ಹಳೆಯದನ್ನು ಇಳಿಸಿ, ಕಳೆದ ವಾರ ಪೂರ್ತಿ ನಿಲ್ಲಿಸಿದ್ದಳು. ಉಳಿದ ಪಟ್ಟಿಗಳನ್ನು ಬಚ್ಚಲಿಗೆ ಎಸೆದು, "ಅಪ್ಪ, ಇನ್ನಿದು ಮುಗೀತು. ನನ್ನಾಣೆ," ಅಂದಿದ್ದಳು. ಸಿದ್ದರಾಮು "ಆಯ್ತು ಮಗ" ಅಂದಿದ್ದ.

ಮಧ್ಯಾಹ್ನದ ಊಟ ಕೊಡುತ್ತಿದ್ದವನು ಅವನು.

ನಿನ್ನೆ ಫ್ಯಾಕ್ಟರಿಗೆ ಫೋನು ಬಂದಾಗ ನಾಗಶ್ರೀ ಕಾಲರ್ ಹೊಲಿಯುತ್ತಿದ್ದಳು. ಮನೆಗೆ ಬಂದು ನೋಡಿದರೆ ತಟ್ಟೆಯಲ್ಲಿ ಅರ್ಧ ಮುದ್ದೆ. "ಗಂಜಿ ಕುಡ್ದು ಕುಡ್ದು ಸೊರಗೋಗಿದ್ಲು ಕಣಮ್ಮಿ, ಒಂದ್ ಪಿಡ್ಚೆ ಇಟ್ಟು ಉಣ್ಲಿ ಅಂತ," ಎಂದು ಮಲ್ಲಿಗಮ್ಮ ಎದೆ ಬಡಿದುಕೊಂಡಿದ್ದಳು.

*

ಕೇರಿಯವರು ಹೂಳುವ ತೋಪು ರೈಲುಹಳಿಯ ಪಕ್ಕದಲ್ಲೇ ಇತ್ತು. ಸೋಮಮ್ಮನನ್ನು ಗುಂಡಿಗೆ ಇಳಿಸಿದರು. ಗಲ್ಲದ ಬಟ್ಟೆ ಬಿಚ್ಚಿದರು. ಬಾಯಿ ಹಾಗೇ ಇತ್ತು, ಅಲ್ಲಾಡಲಿಲ್ಲ. ಶಿವರಾಜು ಬುದ್ಧಂ ಸರಣಂ ಹೇಳಿದ. ಅರ್ಧಕ್ಕೇ ನಿಲ್ಲಿಸಿದ. ಚಿಕ್ಕಬೋರಯ್ಯನವರು ತಲೆದಿಕ್ಕಿಗೆ ಬಾಳೆ ಎಲೆ ಹಾಸಿದರು.

ನಾಗಶ್ರೀ ಗಂಜಿಯ ತಂಬಿಗೆ ಹಿಡಿದು ಮುಂದೆ ಬಂದಳು. ಅಷ್ಟರಲ್ಲಿ ಮಲ್ಲಿಗಮ್ಮ ಸೆರಗಿನೊಳಗಿಂದ ಮುಚ್ಚಿದ ಬೋಸಿ ತೆಗೆದು ತಮ್ಮನ ಕೈಗಿಟ್ಟಳು. ಇನ್ನೊಂದು ಮನೆಯ ಒಲೆ, ಇನ್ನೊಂದು ಕೋಲು. ಮುದ್ದೆಯಿಂದ ಹಬೆ ಏಳುತ್ತಿತ್ತು.

"ಅಪ್ಪ, ಬೇಡ."

"ಇಡು ಕಣ್ಲಾ," ಮಲ್ಲಿಗಮ್ಮ ಅಂದಳು. "ಇಟ್ಬುಡು. ಉಪಾಸ ಕಳಿಸ್ಬೇಡ."

"ಅಪ್ಪ."

ಸಿದ್ದರಾಮು ಮಗಳ ಮುಖ ನೋಡಿದ, ಅಕ್ಕನ ಮುಖ ನೋಡಿದ. ಮುದ್ದೆಯನ್ನು ಎಡಗೈಗೆ ತೆಗೆದುಕೊಂಡ.

ಮದ್ದೂರಿನ ಕಡೆಯಿಂದ ರೈಲು ಕೂಗಿತು. ಹತ್ತಿರದಲ್ಲೇ, ಎದೆಗೇ ನುಗ್ಗುವ ಹಾಗೆ. ಸಿದ್ದರಾಮುವಿನ ತಲೆ ಥಟ್ಟನೆ ಎದ್ದಿತು. ಕಣ್ಣು ಕಂಬಿಯ ಕಡೆ ಹೋಯಿತು, ಅಲ್ಲಿಂದ ಜನರ ಮೇಲೆ, ಹೆಂಗಸರ ಗುಂಪಿನ ಮೇಲೆ, ಹುಡುಕಿಕೊಂಡು. ಆ ಹೊತ್ತಿನಲ್ಲೇ ಬಲಗೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಚಪ್ಪಟೆ ಹೆಬ್ಬೆಟ್ಟು ಮುದ್ದೆಗೆ ಒತ್ತಿತು, ಆಳಕ್ಕೆ. ಎರಡು ಬೆರಳು ಅಂಗಿಯ ಜೇಬಿಗೆ ಇಳಿದು ಬೆಳ್ಳಿ ಬಣ್ಣದ ಪಟ್ಟಿಯೊಂದನ್ನು ಹಿಡಿದು ಮೇಲೆತ್ತಿದವು. ಹೊಸ ಪಟ್ಟಿ, ಹಳೆಯ ಮಾತ್ರೆ. ಪಟ್ಟಿಯ ಕೆಲವು ಗುಳ್ಳೆಗಳು ಆಗಲೇ ಖಾಲಿಯಾಗಿದ್ದವು.

ರೈಲು ಹಾದುಹೋಯಿತು. ಗಾಳಿಗೆ ಬಾಳೆ ಎಲೆ ಪಟಪಟ ಅಂದಿತು.

ಸಿದ್ದರಾಮು ಕೈಯಲ್ಲಿದ್ದದ್ದನ್ನು ನೋಡಿಕೊಂಡ. ಪಟ್ಟಿಯನ್ನು ಮತ್ತೆ ಜೇಬಿಗೆ ತುರುಕಿದ. ಬಾಗಿ, ಎಷ್ಟೋ ವರ್ಷ ಮಾಡಿದ ಹಾಗೆಯೇ, ಮುದ್ದೆಯನ್ನು ಮಗುಚಿ, ಗುಳಿ ಕೆಳಗಾಗಿ, ಎಲೆಯ ಮೇಲೆ ಇಟ್ಟ. ಮೇಲಿಂದ ನೋಡಿದರೆ ಗುಂಡಗೆ, ನುಣ್ಣಗೆ.

ನಾಗಶ್ರೀ ತಂಬಿಗೆಯನ್ನು ನೆಲಕ್ಕಿಟ್ಟಳು. ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತು, ಕೈ ಚಾಚಿ, ಅವ್ವ ದಿನಾ ಮಾಡುತ್ತಿದ್ದ ಹಾಗೆ, ಬಿಸಿ ಮುದ್ದೆಯನ್ನು ಮಗುಚಿದಳು. ಗುಳಿ ಮೇಲಾಯಿತು. ಕಾಸಿನಷ್ಟು ಅಗಲ, ಉಗುರಿನ ಗುರುತಿಲ್ಲದ, ಊರಿಗೆಲ್ಲ ಪರಿಚಯದ ಹೆಬ್ಬೆಟ್ಟಿನ ಗುಳಿ.

ಗುದ್ದಲಿ ಹಿಡಿದವರು ಮಣ್ಣು ಎಳೆಯದೆ ನಿಂತೇ ಇದ್ದರು. ಗುಳಿಯೊಳಗಿಂದ ಹಬೆ ಇನ್ನೂ ಏಳುತ್ತಿತ್ತು.